ಬೋರ್ಡಿಲ್ಲದ ಯಾರ್ಡ್: ಹಳೆ ಬಾಗಿಲು, ಹಳೆ ಹಂಚು ಕೊಳ್ಳೋರಿಗೆ

ಮೊದಲೇ ಹೇಳಿಬಿಡುತ್ತೇನೆ, ಈ ಯಾರ್ಡಿಗೆ ಹೆಸರಿಲ್ಲ. ಬೋರ್ಡಿಲ್ಲ, ಬಿಲ್ ಪುಸ್ತಕವೂ ಇಲ್ಲ. ಬೆಂಗಳೂರಿಂದ ಮೈಸೂರು ರಸ್ತೆ ಹಿಡಿದು ಹೊರಟರೆ ಹಳೆ ಬಾಗಿಲು, ಕಿಟಕಿ, ಗ್ರಿಲ್‌ಗಳನ್ನು ಕಾಂಪೌಂಡಿಗೆ ಒರಗಿಸಿಟ್ಟ ಜಾಗಗಳು ಅಲ್ಲಲ್ಲಿ ಸಿಗುತ್ತವೆ. ಅಂಥದ್ದರಲ್ಲಿ ಇದೂ ಒಂದು. ಮಾಲೀಕರನ್ನು ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಊರೊಳಗೆ ಹಳೆ ಮನೆ ಒಡೆಯುವ ಗುತ್ತಿಗೆ ಹಿಡಿಯೋದು, ಅಲ್ಲಿ ಬಿಚ್ಚಿದ ಸಾಮಾನು ತಂದು ಇಲ್ಲಿ ಮಾರೋದು, ಇದು ಅವರ ಕಸುಬು. ನಮ್ಮ ಮನೆಯ ಮರ, ಹಂಚು, ಕಿಟಕಿ, ನಲ್ಲಿ ಎಲ್ಲ ಇಲ್ಲಿಂದ ಬಂದವು. ಒಳ್ಳೇದು ಕೆಟ್ಟದ್ದು ಎರಡೂ ಕಂಡಿದ್ದೇನೆ, ಬರೆಯುತ್ತೇನೆ.

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವನು. ಮಾಗಡಿ ತಾಲ್ಲೂಕಿನಲ್ಲಿ ಅಪ್ಪನ ಕಾಲದ ಒಂದೂವರೆ ಎಕರೆ ಖುಷ್ಕಿ ಜಮೀನಿದೆ. ಕರೆಂಟ್ ಕಂಬ ಅರ್ಧ ಕಿಲೋಮೀಟರ್ ಆಚೆಗೇ ನಿಂತುಬಿಟ್ಟಿದೆ. ಅಲ್ಲಿಂದ ಲೈನ್ ಎಳೆಸೋಕೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿಸಿದಾಗ ನನ್ನ ಹೆಂಡತಿ, "ಆ ದುಡ್ಡಲ್ಲಿ ಅರ್ಧ ಮನೆ ಎದ್ದೇಳುತ್ತೆ ಕಣ್ರೀ, ಕಂಬ ಅಲ್ಲೇ ಇರಲಿ ಬಿಡಿ" ಅಂದಳು. ಸರಿ, 600 ಚದರಡಿ ಮನೆ. ಕರೆಂಟ್ ಸಂಪರ್ಕ ಇಲ್ಲ, ಬೋರ್‌ವೆಲ್ ಇಲ್ಲ. ಗೋಡೆಗೆ ಒಬ್ಬ ಮೇಸ್ತ್ರಿ, ಮರಕ್ಕೆ ಒಬ್ಬರು ಆಚಾರಿ. ಮಿಕ್ಕ ಕೈಗಳೆಲ್ಲ ನಮ್ಮವೇ: ನಾನು, ಹೆಂಡತಿ, ಬಾಮೈದ.

ಯಾರ್ಡಿಗೆ ಹೋಗುವವರಿಗೆ ನನ್ನ ಒಂದೇ ಮಾತು. ಕಣ್ಣು, ಕೈ, ಕಿವಿ ಹಾಕಿ ಪರೀಕ್ಷೆ ಮಾಡಬಹುದಾದದ್ದನ್ನು ಧೈರ್ಯವಾಗಿ ತಗೊಳ್ಳಿ. ಒಳಗೆ ಏನಾಗಿದೆ ಅಂತ ಕಾಣದ ಸಾಮಾನಿಗೆ ಕೈ ಹಾಕಬೇಡಿ, ಎಷ್ಟೇ ಅಗ್ಗ ಆಗಲಿ.

ಮರದಿಂದಲೇ ಶುರು ಮಾಡೋಣ, ಈ ಯಾರ್ಡಿನ ಗಟ್ಟಿತನ ಇರೋದೇ ಅಲ್ಲಿ. ಚಾಮರಾಜಪೇಟೆ, ಬಸವನಗುಡಿ ಕಡೆಯ ಹಳೆ ಮನೆಗಳ ಬಾಗಿಲು, ತೊಲೆ, ಜಂತೆ ರಾಶಿ ಬಿದ್ದಿರುತ್ತವೆ. ಎಲ್ಲದಕ್ಕೂ ನಾಲ್ಕೈದು ಪದರ ಪೇಂಟ್ ಇರುತ್ತದೆ. ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಕಾವಿ. ಪೇಂಟ್ ಬಳಿದ ಮೇಲೆ ತೇಗವೂ ಒಂದೇ, ಸಿಲ್ವರ್ ಓಕೂ ಒಂದೇ. ಅದಕ್ಕೆ ಕೀಲು ಕೂರುವ ಕಡೆ, ಯಾರಿಗೂ ಕಾಣದ ಅಂಚಿನಲ್ಲಿ, ಚಾಕುವಿನಿಂದ ಸ್ವಲ್ಪ ಕೆರೆಯಬೇಕು. ತೇಗ ಆದರೆ ಕಂದು ಬಣ್ಣ, ಮುಟ್ಟಿದರೆ ಸ್ವಲ್ಪ ಎಣ್ಣೆ ಎಣ್ಣೆ, ಮೂಗಿಗೆ ಹಿಡಿದರೆ ಹೊಸ ಚಪ್ಪಲಿ ಅಂಗಡಿಯ ವಾಸನೆ. ಭಾಯ್ ಕೆರೆಯೋದಕ್ಕೆ ಬೇಡ ಅನ್ನಲ್ಲ, ಅವರೇ ಚಾಕು ಕೊಡುತ್ತಾರೆ. ಬೇಡ ಅನ್ನುವ ಅಂಗಡಿ ಇದ್ದರೆ ಅಲ್ಲಿಂದ ಎದ್ದು ಬನ್ನಿ.

ಒಂದು ಚೌಕಟ್ಟು ನನಗೆ ಅನುಮಾನ ಬಂತು. "ಭಾಯ್, ಇದು ತೇಗ ಅಲ್ಲ ಅನ್ನಿಸುತ್ತೆ" ಅಂದೆ. ಅವರು ನಕ್ಕು, "ತೇಗ ಅಂತ ನಾನೆಲ್ಲಿ ಹೇಳ್ದೆ ಸಾರ್? ಹೊನ್ನೆ ಇದು, ಅದಕ್ಕಿಂತ ಏನು ಕಮ್ಮಿ?" ಅಂದರು. ಟೀ ಕುಡಿದಿಟ್ಟ ಗಾಜಿನ ಲೋಟ ತೊಳೆದು, ಅರ್ಧ ನೀರು ತುಂಬಿಸಿ, ಕೆರೆದ ಚಕ್ಕೆ ಅದರೊಳಗೆ ಹಾಕಿದರು. ಬೇರೆ ಗಿರಾಕಿ ಜೊತೆ ಮಾತಾಡಿ ಬರುವಷ್ಟರಲ್ಲಿ ನೀರಿಗೆ ಬಣ್ಣ ಇಳಿದಿತ್ತು. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಮಿಂಚುತ್ತಿತ್ತು. ಸಕ್ಕರೆ ಕಾಯಿಲೆಯವರು ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯೋದು ಇದೇ ಹೊನ್ನೆ ಮರದ ಲೋಟದಲ್ಲಿ ಅಲ್ವಾ. ಚೌಕಟ್ಟು ತಗೊಂಡೆ. ನಮ್ಮ ಮುಂಬಾಗಿಲು ನಿಂತಿರೋದು ಅದರಲ್ಲೇ.

ಗೆದ್ದಲು ನೋಡೋಕೆ ಚೌಕಟ್ಟಿನ ಮೇಲ್ಭಾಗ ನೋಡಿ ಪ್ರಯೋಜನವಿಲ್ಲ, ನೆಲಕ್ಕೆ ತಾಗುವ ಕಾಲು ನೋಡಬೇಕು. ಹೊಸ್ತಿಲು ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ. ಹೊಕ್ಕರೆ ಅಷ್ಟು ಕತ್ತರಿಸಿ ಹಾಕಬೇಕು, ಆ ಲೆಕ್ಕ ಹಿಡಿದೇ ರೇಟ್ ಮಾತಾಡಿ. ತೊಲೆಗಳನ್ನು ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಒಳಗೆ ಟೊಳ್ಳಾದ ಕಡೆ ಶಬ್ದ ಬದಲಾಗುತ್ತದೆ. ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಒಳಗೇ ಇದೆ. ತೂತು ಇದ್ದು ಪುಡಿ ಇಲ್ಲದಿದ್ದರೆ ಅಷ್ಟು ಭಯವಿಲ್ಲ.

ಯಾರೂ ಮುಂಚೆ ಹೇಳದ ವಿಷಯ ಅಂದರೆ ಅಳತೆ. ಹಳೆ ಮನೆಗಳ ಗೋಡೆ ದಪ್ಪ, ಹಾಗಾಗಿ ಕಿಟಕಿ ಚೌಕಟ್ಟೂ ಅಗಲ. ನಮ್ಮದು 9 ಇಂಚಿನ ಗೋಡೆ. ಕೂರಿಸಿದ ಮೇಲೆ ಚೌಕಟ್ಟು ಒಳಗಡೆಗೆ ಚಾಚಿಕೊಂಡಿತು. ಆಚಾರಿ ತಲೆ ಓಡಿಸಿ ಅದರ ಮೇಲೊಂದು ಹಲಗೆ ಹೊಡೆದರು. ಈಗ ಅಲ್ಲಿ ಹೆಂಡತಿಯ ಹೊಲಿಗೆ ಮಿಷನ್ ಕೂತಿದೆ. ಎತ್ತರವೂ ಹಾಗೇ, ಹಳೆ ಬಾಗಿಲು ಗಿಡ್ಡ. ಬಾಮೈದ ಆರಡಿ ಮನುಷ್ಯ, ಅಡುಗೆಮನೆಗೆ ಬರುವಾಗ ತಲೆ ಬಗ್ಗಿಸಲೇಬೇಕು. ಮೊದಲು ಸಾಮಾನು ಕೊಂಡು, ಅದರ ಅಳತೆಗೆ ಗೋಡೆಯಲ್ಲಿ ಜಾಗ ಬಿಡಬೇಕು. ಪ್ಲಾನ್ ಬರೆಸಿಕೊಂಡು ಯಾರ್ಡಿಗೆ ಬಂದರೆ ಸುಮ್ನೆ ತಲೆನೋವು.

ದುಡ್ಡಿನ ವಿಷಯ. ಚೌಕಟ್ಟು ಸಮೇತ ತೇಗದ ಎರಡು ಕದದ ಬಾಗಿಲಿಗೆ ಭಾಯ್ 16,000 ಕೇಳಿದರು, 12,000ಕ್ಕೆ ಮುಗಿಯಿತು. ಹೊಸ ತೇಗದಲ್ಲಿ ಮಾಡಿಸಿದರೆ ಇದರ ಮೂರು ಪಟ್ಟಿಗೂ ಜಾಸ್ತಿ. ಆದರೆ ಅದರ ಮೇಲೆ ಆಚಾರಿ ಕೂಲಿ ಇದೆ, ಅದನ್ನು ಮರೆಯಬೇಡಿ. ಹಳೆ ಮರದಲ್ಲಿ ಮುರಿದ ಮೊಳೆಗಳು ಅಡಗಿರುತ್ತವೆ. ಉಜ್ಜೋ ಮಿಷನ್ನಿನ ಬ್ಲೇಡು ಅದಕ್ಕೆ ತಗುಲಿದರೆ ಹೋಯ್ತು. ನಮ್ಮ ಆಚಾರಿ ಮೊದಲೇ ಷರತ್ತು ಹಾಕಿದರು: ಬ್ಲೇಡಿನ ಖರ್ಚು ನಿಮ್ಮದು, ಕೂಲಿ ಒಂದೂವರೆ ಪಟ್ಟು. ಆಯಸ್ಕಾಂತ ಹಿಡಿದು ಮೊಳೆ ಹುಡುಕಿ ಕೀಳುವ ಕೆಲಸ ನನ್ನ ಪಾಲಿಗೆ ಬಂತು. ಡಿಪೋದಲ್ಲಿ ಬಿದ್ದ ನಟ್ಟು ಹುಡುಕುತ್ತಿದ್ದ ಆಯಸ್ಕಾಂತ, ಇಲ್ಲೂ ಅನ್ನ ಹಾಕಿತು.

ಮೂಲೆಯಲ್ಲಿ ಹಿತ್ತಾಳೆ ಸಾಮಾನಿನ ಡಬ್ಬಗಳಿವೆ, ಅವನ್ನು ತಪ್ಪಿಸಬೇಡಿ. ಕೀಲು, ಚಿಲಕ, ಅಗಳಿ, ನಲ್ಲಿ. ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಬಸ್ಸಿನ ಮುಂದಿನ ಚಕ್ರ ತಿರುಗುವ ಕಿಂಗ್ ಪಿನ್ ಎಷ್ಟು ಸಡಿಲ ಅಂತ ನೋಡಿ ಬದುಕಿದವನಿಗೆ ಬಾಗಿಲ ಕೀಲಿನ ಪಿನ್ ಸವೆದಿದೆಯಾ ಇಲ್ಲವಾ ತಿಳಿಯೋದು ಕಷ್ಟವಲ್ಲ. ಎರಡು ರೆಕ್ಕೆ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಹಳೆ ನಲ್ಲಿಯ ಒಳಗೆ ರಬ್ಬರ್ ವಾಷರ್ ಒಂದೇ ಹೋಗಿರುತ್ತದೆ. ಚಿಲ್ಲರೆ ಕಾಸಿನ ವಾಷರ್ ಹಾಕಿದರೆ ಇನ್ನೊಂದು ತಲೆಮಾರು ಬರುತ್ತದೆ. ಈಗಿನ ಎಷ್ಟೋ ನಲ್ಲಿಗಳು ಹಾಗೆ ಬಿಚ್ಚೋಕೆ ಬರೋದಿಲ್ಲ, ಕೆಟ್ಟರೆ ಎಸೆಯೋದೇ. ಗುಜರಿಗೆ ಬಂದ ಬಸ್ಸೊಂದರ ಎಳೆಯುವ ಕಿಟಕಿಗಳೂ ಸಿಕ್ಕವು. ಅಡುಗೆಮನೆಗೆ ಅವನ್ನೇ ಹಾಕಿಸಿದ್ದೇನೆ. ಒಲೆ ಮುಂದೆ ನಿಂತು ಕಿಟಕಿ ಎಳೆದಾಗ ಬರುವ ಸದ್ದಿಗೆ ಹೆಂಡತಿ, "ಟಿಕೆಟ್ ಟಿಕೆಟ್" ಅಂತ ಅಣಕಿಸುತ್ತಾಳೆ.

ಈಗ ಹಂಚು. ಇಲ್ಲಿ ನನಗೆ ಭಾಯ್ ಮೇಲೆ ಸಿಟ್ಟಿದೆ.

ಮಂಗಳೂರು ಹಂಚು 100 ಚದರಡಿಗೆ ಸುಮಾರು 150 ಬೇಕು. ಇಳಿಜಾರು, ಸೂರು ಎಲ್ಲ ಸೇರಿ ನಮ್ಮದು 850 ಚದರಡಿ. ಒಡೆಯೋದಕ್ಕೆ ಅಂತ ಸ್ವಲ್ಪ ಸೇರಿಸಿ 1,400 ಹಂಚು ಹೇಳಿದೆ. ಒಂದಕ್ಕೆ 14 ರೂಪಾಯಿ. "ಎಲ್ಲ ಒಂದೇ ಮನೇದು ಸಾರ್, ಒಂದೇ ಕಂಪನಿ" ಅಂತ ಭಾಯ್ ಬಾಯಿಮಾತಿನ ಗ್ಯಾರಂಟಿ ಕೊಟ್ಟರು. ಮೇಲಿನ ಸಾಲು ನೋಡಿದೆ, ಒಂದೇ ಮುದ್ರೆ ಇತ್ತು. ಜಮೀನಿಗೆ ಬಂದು ಇಳಿಸುವಾಗ ನೋಡಿದರೆ ಒಳಗೆ ಮೂರು ಕಾರ್ಖಾನೆಯ ಹಂಚು ಬೆರೆತಿತ್ತು.

ಇದರಲ್ಲೇನು ದೊಡ್ಡ ವಿಷಯ ಅಂತ ಕೇಳಬಹುದು. ಮಂಗಳೂರು ಹಂಚು ಒಂದರ ಅಂಚಿನ ತೋಡು ಇನ್ನೊಂದರ ಉಬ್ಬಿದ ಏಣಿನ ಮೇಲೆ ಕೂತು ಕಚ್ಚಿಕೊಳ್ಳಬೇಕು. ಆ ಕಚ್ಚುವಿಕೆಯೇ ನೀರನ್ನು ತಡೆಯೋದು. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಥರ. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಹಂಚು ಎದ್ದು ಕೂರುತ್ತದೆ, ಗಾಳಿ ಮಳೆಗೆ ನೀರು ಒಳಗೆ ಹೊಡೆಯುತ್ತದೆ. ಹಿಂದಿನ ಕೊಕ್ಕೆ ರೀಪರಿಗೆ, ಅಂದರೆ ಹಂಚಿನ ಕೆಳಗಿನ ಮರದ ಪಟ್ಟಿಗೆ, ಸಿಗುವ ಅಂತರವೂ ಬೇರೆ ಬೇರೆ. ಹಾಗಾಗಿ ಎಲ್ಲ ಹಂಚನ್ನೂ ಮಗುಚಿ, ಮುದ್ರೆ ನೋಡಿ, ಮೂರು ಗುಂಪು ಮಾಡಿದೆವು. ಹೆಂಡತಿ ಬ್ರಷ್ಷಿನಲ್ಲಿ ಪಾಚಿ ಉಜ್ಜೋದು, ನಾನು ಬೆರಳ ಗೆಣ್ಣಿನಿಂದ ತಟ್ಟೋದು, ಬಾಮೈದ ಜೋಡಿಸೋದು. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಎಲ್ಲೋ ಬಿರುಕಿದೆ. ಉತ್ತರದ ಇಳಿಜಾರಿಗೆ ಒಂದು ಕಾರ್ಖಾನೆಯದು, ದಕ್ಷಿಣಕ್ಕೆ ಇನ್ನೊಂದರದು. ಮೂರನೆಯದು ಕೊಟ್ಟಿಗೆಗೆ. ಉತ್ತರಕ್ಕೆ ರೀಪರ್ ಒಂದು ಅಳತೆಗೆ ಹೊಡೆದರೆ ದಕ್ಷಿಣಕ್ಕೆ ಬೇರೆ ಅಳತೆ. ಆಚಾರಿ ಬಾಯಿಗೆ ಬಂದದ್ದು ಬೈದರು.

ಫೋನ್ ಮಾಡಿ ಕೇಳಿದರೆ ಭಾಯ್ ಉತ್ತರ: "ಹಂಚು ಹಂಚೇ ಅಲ್ವಾ ಸಾರ್?" ದುಡ್ಡು ವಾಪಸ್ ಇಲ್ಲ. ಜಗಳ ಮಾಡಿದ ಮೇಲೆ ನೆತ್ತಿಗೆ ಹಾಕುವ ಮೂಲೆ ಹಂಚುಗಳನ್ನು ಪುಕ್ಕಟೆ ಕೊಟ್ಟರು, ಬೆಳಕಿಗೆ ಅಂತ ನಾಲ್ಕು ಗಾಜಿನ ಹಂಚೂ ಕೊಟ್ಟರು. ಸಮಾಧಾನ ಆಯ್ತಾ ಅಂದರೆ, ಅರ್ಧ ಆಯ್ತು.

ಹಂಚಿನ ಬಗ್ಗೆ ಇನ್ನೊಂದು. ಬಾಸೆಲ್ ಮಿಷನ್ ಅಂತ ಮುದ್ರೆ ಇರುವ ಹಂಚಿನ ಮೇಲೆ 1865 ಅಂತ ಇರುತ್ತದೆ. ಅದನ್ನು ತೋರಿಸಿ, "ನೋಡಿ ಸಾರ್, ನೂರೈವತ್ತು ವರ್ಷದ ಹಂಚು" ಅಂತ ಜಾಸ್ತಿ ರೇಟ್ ಹೇಳುವವರಿದ್ದಾರೆ. 1865 ಅನ್ನೋದು ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಎಷ್ಟೋ ವರ್ಷ ತಯಾರಾದ ಹಂಚಿನ ಮೇಲೂ ಅದೇ ಇಸವಿ ಇದೆ. ಹಂಚು ಒಳ್ಳೇದೇ, ಅನುಮಾನವಿಲ್ಲ. ಇಸವಿಗೆ ಮಾತ್ರ ದುಡ್ಡು ಕೊಡಬೇಡಿ.

ತರುವಾಗ ಹಂಚನ್ನು ಮಲಗಿಸಬಾರದು, ಅಂಚಿನ ಮೇಲೆ ನಿಲ್ಲಿಸಿ ಸಾಲಾಗಿ ಒತ್ತಿಡಬೇಕು, ಕೆಳಗೆ ಹುಲ್ಲು ಹಾಸಬೇಕು. ಯಾರ್ಡಿನ ಹುಡುಗರಿಗೆ ಈ ಕೆಲಸ ಚೆನ್ನಾಗಿ ಬರುತ್ತದೆ. ದಾರಿಯಲ್ಲಿ ಒಡೆದದ್ದು ಬೆರಳೆಣಿಕೆಯಷ್ಟು. ಅಷ್ಟು ಮಾತ್ರಕ್ಕೆ ಅವರನ್ನು ಹೊಗಳಬೇಕು.

ಇಟ್ಟಿಗೆ ಕೂಡ ಮಾರುತ್ತಾರೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಮನೆಯ ಇಟ್ಟಿಗೆ ಆದರೆ ತಗೊಳ್ಳಿ, ಕರಣೆಯಿಂದ ತಟ್ಟಿದರೆ ಗಾರೆ ಉದುರಿ ಇಟ್ಟಿಗೆ ಶುದ್ಧವಾಗುತ್ತದೆ. ಸಿಮೆಂಟಿನಲ್ಲಿ ಕಟ್ಟಿದ್ದಾದರೆ ಬೇಡ. ಸಿಮೆಂಟ್ ಬಿಡಿಸೋಕೆ ಹೋದರೆ ಇಟ್ಟಿಗೆಯೇ ಒಡೆಯುತ್ತದೆ. ನಾವು ಸ್ವಲ್ಪ ತಂದು ಬಚ್ಚಲಿಗೆ ಮತ್ತು ಒಲೆಗೆ ಬಳಸಿದೆವು. ಒಲೆ ಅಂದರೆ ಅಸ್ತ್ರ ಒಲೆ, ಹೊಗೆ ಕೊಳವೆ ಇರೋದು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಬೆಂಗಳೂರಿನ ಐಐಎಸ್‌ಸಿ) 1974ರಲ್ಲಿ ಶುರುವಾದ, ಹಳ್ಳಿಗೆ ಹೊಂದುವ ತಂತ್ರಜ್ಞಾನದ ಅಸ್ತ್ರ ಕೇಂದ್ರದವರು ರೂಪಿಸಿದ್ದು. ಹಳ್ಳಿ ಕಡೆಯವರಿಗೆ ಹೇಳಬೇಕಾಗಿಲ್ಲ.

ಗೋಡೆಯ ಇಟ್ಟಿಗೆಗೂ ದಾರಿ ತೋರಿಸಿದ್ದು ಅದೇ ಅಸ್ತ್ರದವರ ವಿದ್ಯೆ. ಪಕ್ಕದ ಹಳ್ಳಿಯಲ್ಲಿ ಬಿದ್ದುಹೋದ ಮಣ್ಣಿನ ಮನೆಯೊಂದಿತ್ತು. ಟ್ರಾಕ್ಟರ್ ಬಾಡಿಗೆ ಕೊಟ್ಟು ಆ ಗೋಡೆಯ ಮಣ್ಣನ್ನೇ ತಂದೆವು. ಕೈಯಲ್ಲಿ ಒತ್ತುವ ಮಿಷನ್ ಬಾಡಿಗೆಗೆ ತಂದು, ಮಣ್ಣಿಗೆ ಕ್ರಷರ್ ಪುಡಿ ಮತ್ತು ಏಳು ಪರ್ಸೆಂಟಿನಷ್ಟು ಸಿಮೆಂಟ್ ಬೆರೆಸಿ ಒತ್ತಿದೆವು. ಜೇಡಿ ಜಾಸ್ತಿ ಇರುವ ಮಣ್ಣಾದರೆ ಬಿರುಕು ಬಿಡುತ್ತದೆ, ಅದಕ್ಕೇ ಪುಡಿ. ಗಾಜಿನ ಲೋಟದಲ್ಲಿ ಮಣ್ಣು, ನೀರು ಕಲಸಿ ಇಟ್ಟರೆ ಮರಳು ತಳದಲ್ಲಿ, ಜೇಡಿ ಮೇಲೆ ಕೂರುತ್ತದೆ, ಎಷ್ಟು ಬೆರೆಸಬೇಕು ಅಂತ ತಿಳಿಯುತ್ತದೆ. ಸುಡುವ ಕೆಲಸ ಇಲ್ಲ, ಮೂರು ವಾರ ನೆರಳಿನಲ್ಲಿ ನೀರು ಹೊಡೆದರೆ ಸಾಕು. ಮಿಷನ್ನಿನ ಸನ್ನೆಕೋಲು ಎಳೆಯೋದು ಹುಡುಗಾಟ ಅಲ್ಲ, ಸೊಂಟ ಹಿಡಿಯುತ್ತದೆ. ಕಪ್ಪು ಎರೆಮಣ್ಣಿನ ಸೀಮೆಯವರು ಸಿಮೆಂಟ್ ಹಾಕಿ ಇದನ್ನು ಮಾಡೋಕೆ ಹೋಗಬೇಡಿ.

ಬಣ್ಣ ಬಣ್ಣದ ಬಾಟಲಿ ಗೋಡೆ ಬೇಕು ಅನ್ನುವವರಿಗೂ ಭಾಯ್ ಹತ್ತಿರ ಮಾಲಿದೆ. ಬಚ್ಚಲ ಕಿಟಕಿ ಪಕ್ಕ ಒಂದಷ್ಟು ಹಾಕಿದ್ದೇವೆ. ಬಾಯಿ ಮುಚ್ಚದೆ ಹಾಕಿದರೆ ಒಳಗೆ ನೀರಾಡಿ ಹುಳ ಸೇರುತ್ತೆ, ಅಷ್ಟು ನೋಡಿಕೊಳ್ಳಿ.

ಕರೆಂಟ್ ಸಾಮಾನಿನ ಕಡೆ ಮಾತ್ರ ತಿರುಗಿಯೂ ನೋಡಬೇಡಿ. ಹಳೆ ವೈರ್ ರಾಶಿ ಇದೆ, ಮೇಲಿನ ಪ್ಲಾಸ್ಟಿಕ್ ಒಣಗಿ ಬಗ್ಗಿಸಿದರೆ ಉದುರುತ್ತದೆ. ಯುಪಿಎಸ್‌ನಿಂದ ತೆಗೆದ ಬ್ಯಾಟರಿಗಳಿವೆ. "ಮೂರು ವರ್ಷ ಬರುತ್ತೆ ಸಾರ್" ಅಂತಾರೆ. ಲೋಡ್ ಇಲ್ಲದೆ ಸುಮ್ನೆ ಇಟ್ಟ ಬ್ಯಾಟರಿ 12 ವೋಲ್ಟ್ ತೋರಿಸೋದು ದೊಡ್ಡ ಮಾತಲ್ಲ. ಲೋಡ್ ಹಾಕಿದಾಗ ಎಷ್ಟಕ್ಕೆ ಬೀಳುತ್ತದೆ ಅನ್ನೋದು ಮುಖ್ಯ. ಅಲ್ಲೇ ಒಂದು ಹೆಡ್‌ಲೈಟ್ ಬಲ್ಬ್ ಸಿಕ್ಕಿಸಿ ಮೀಟರ್ ಇಟ್ಟು ನೋಡಿದೆ. ಮುಳ್ಳು ನೋಡನೋಡುತ್ತಲೇ ಇಳಿಯಿತು. ಭಾಯ್ ಪಕ್ಕದಲ್ಲೇ ನಿಂತಿದ್ದವರು ಮೆಲ್ಲಗೆ ಟೀ ಹೇಳೋಕೆ ಹೋದರು.

ನಮ್ಮ ಮನೆಯ ಕರೆಂಟ್ ಸೋಲಾರಿನದು. ಅದಕ್ಕೆ ಬ್ಯಾಟರಿ ಹೊಸದೇ ತಗೊಂಡೆ, 150 ಆಂಪಿಯರ್ ಅವರ್‌ನ ಎರಡು. ಸರಣಿಯಲ್ಲಿ ಜೋಡಿಸಿದರೆ 24 ವೋಲ್ಟ್, ನಮ್ಮ ಬಸ್ಸಿನಲ್ಲಿ ಇರೋದೂ ಅಷ್ಟೇ. 12ರ ಬದಲು 24 ಆದರೆ ಅಷ್ಟೇ ವ್ಯಾಟಿನ ಬಲ್ಬಿಗೆ ಹರಿಯುವ ಕರೆಂಟ್ ಅರ್ಧ, ವೈರ್ ಸಣ್ಣದು ಸಾಕು. ಎರಡೂ ಸೇರಿ 3,600 ವ್ಯಾಟ್ ಅವರ್. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿ ಆಯಸ್ಸು ಕಡಿಮೆಯಾಗುತ್ತದೆ, ಹಾಗಾಗಿ ಬಳಸೋಕೆ ಸಿಗೋದು 1,800. ಆರು ಬಲ್ಬು, 30 ವ್ಯಾಟಿನ ಎರಡು ಫ್ಯಾನು, ಫೋನು, ರೇಡಿಯೋಗೆ ಧಾರಾಳ. ಮಿಕ್ಸಿ ಇಲ್ಲ, ಒರಳುಕಲ್ಲಿದೆ. ಅದೂ ಯಾರ್ಡಿನದೇ, 800 ರೂಪಾಯಿ. ಕರೆಂಟ್ ಸಾಮಾನಿನಲ್ಲಿ ಸೋಲಾರ್ ಪ್ಯಾನೆಲ್ ಒಂದು ಮಾತ್ರ ಹಳೇದಾದರೂ ಪರವಾಗಿಲ್ಲ, ಬಿಸಿಲಿನಲ್ಲಿ ಇಟ್ಟು ಮೀಟರ್ ಹಿಡಿದರೆ ಸತ್ಯ ಹೇಳುತ್ತದೆ. ಒಳಗೆ ಕಂದು ಕಲೆ, ಗುಳ್ಳೆ ಇದ್ದರೆ ಬಿಡಿ.

ನೀರಿನ ಡ್ರಮ್ಮುಗಳ ಬಗ್ಗೆ ಎಚ್ಚರ. ನೀಲಿ ಡ್ರಮ್ಮು ತೋರಿಸಿ, "ಜ್ಯೂಸ್ ಫ್ಯಾಕ್ಟರಿದು" ಅಂತಾರೆ. ಒಳಗೆ ಜ್ಯೂಸ್ ಇತ್ತೋ ಇನ್ನೇನಿತ್ತೋ ಖಚಿತವಾಗಿ ಗೊತ್ತಾಗೋದಿಲ್ಲ. ಕೆಮಿಕಲ್ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬೇಡ. ಎರಡು ತಂದು ಬಚ್ಚಲ ನೀರು ಹಿಡಿಯೋಕೆ ಇಟ್ಟಿದ್ದೇವೆ, ಅಲ್ಲಿಂದ ಬಾಳೆಗೆ ಹೋಗುತ್ತದೆ. ಕುಡಿಯೋದಕ್ಕೆ, ಅಡುಗೆಗೆ ಸೂರಿನ ಮಳೆ ನೀರು. ನಮ್ಮ ಕಡೆ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ ಅಂತ ಹಿಡಿದರೂ ಸೂರಿನಿಂದ 40 ಸಾವಿರ ಲೀಟರಿಗೆ ಕಡಿಮೆಯಿಲ್ಲ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಇಬ್ಬರಿಗೆ ದಿನಕ್ಕೆ 140 ಲೀಟರ್ ಅಂದರೆ 21 ಸಾವಿರ. ಸಂಪು 25 ಸಾವಿರದ್ದು. ಮೊಮ್ಮಕ್ಕಳು ರಜಕ್ಕೆ ಬಂದರೆ ಲೆಕ್ಕ ತಪ್ಪುತ್ತದೆ, ಆಗ ಟ್ಯಾಂಕರ್.

ಮಾರ್ಕ್ಸ್ ಕೊಡು ಅಂದರೆ: ಮರಕ್ಕೆ 5ಕ್ಕೆ ನಾಲ್ಕೂವರೆ, ಹಿತ್ತಾಳೆಗೆ 5, ಹಂಚಿಗೆ 2, ಕರೆಂಟ್ ಸಾಮಾನಿಗೆ ಸೊನ್ನೆ. ಮಾತಿಗೆ ಮೂರು, ಅದೂ ಟೀ ಚೆನ್ನಾಗಿರುತ್ತೆ ಅಂತ.

ಹೋಗೋರಿಗೆ ಇಷ್ಟು ಗೊತ್ತಿರಲಿ. ಬಿಲ್ ಕೊಡೋದಿಲ್ಲ, ಬ್ಯಾಂಕ್ ಸಾಲದಲ್ಲಿ ಕಟ್ಟುವವರಿಗೆ ಕಷ್ಟ. ಭಾನುವಾರ ಇಂಟೀರಿಯರ್ ಮಾಡುವವರು, ಹೋಟೆಲಿಗೆ ಹಳೆ ಕಂಬ ಹುಡುಕುವವರು ಕಾರು ತಗೊಂಡು ಬರುತ್ತಾರೆ, ಅವತ್ತು ರೇಟ್ ಇಳಿಯೋದೇ ಇಲ್ಲ. ವಾರದ ಮಧ್ಯೆ, ಬೆಳಿಗ್ಗೆ ಲಾರಿ ಇಳಿಯುವ ಹೊತ್ತಿಗೆ ಹೋಗಿ. ಟೇಪು, ಚಾಕು, ಆಯಸ್ಕಾಂತ, ಮೀಟರ್ ಜೊತೆಗಿರಲಿ. ಹಂಚು ತಗೊಳ್ಳೋದಾದರೆ ರಾಶಿಯ ನಡುವಿನಿಂದಲೂ ಬುಡದಿಂದಲೂ ಎಳೆಸಿ, ಮುದ್ರೆ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ. ಗಾಡಿ ಅವರದ್ದೇ ಮಾಡಿದರೆ ಬಾಡಿಗೆ ಜಾಸ್ತಿ, ಆದರೆ ಇಳಿಸುವ ಹುಡುಗರು ಜೊತೆಗೆ ಬರುತ್ತಾರೆ. ಹೊರಗಿನ ಗಾಡಿ ತಂದರೆ ತೊಲೆಗಳನ್ನು ನೀವೇ ಹೊರಬೇಕು.